ಬಿಸಿನೀರಿಗೆ ನಲ್ಲಿ ನೀರು ಬೆರೆಸಬೇಡಿ

ಮಾನ್ಯರೇ,

ಮಳೆಗಾಲದಲ್ಲಿ ಕೊಡಗಿನ ಹೋಟೆಲಿಗೆ ಹೋದರೆ ಕೇಳುವ ಮೊದಲೇ ಬಿಸಿನೀರು ತಂದಿಡುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಅದು ಕುಡಿಯುವ ಹದಕ್ಕೆ ಬಂದದ್ದು ಹೇಗೆ? ಮೊನ್ನೆ ಒಂದು ಹೋಟೆಲಿನಲ್ಲಿ ಕಣ್ಣಾರೆ ನೋಡಿದೆ. ಹುಡುಗ ಅರ್ಧ ಜಗ್ಗು ಕುದಿಯುವ ನೀರು ಹಿಡಿದ, ಉಳಿದರ್ಧಕ್ಕೆ ನಲ್ಲಿ ತಿರುಗಿಸಿದ. ಕೇಳಿದರೆ "ಇಲ್ಲಾಂದ್ರೆ ಬಾಯಿ ಸುಡ್ತದೆ ಸಾರ್" ಅಂದ.

ಅವನನ್ನು ಬೈಯುವ ಮುಖ ನನಗಿರಲಿಲ್ಲ. ಎರಡು ಮಳೆಗಾಲದ ಹಿಂದೆ ನನ್ನ ಮಗನಿಗೆ ಟೈಫಾಯಿಡ್ ಬಂದಾಗ ಡಾಕ್ಟರು, "ನೀರು ಕುದಿಸ್ತೀರಾ?" ಅಂತ ಕೇಳಿದರು. "ದಿನಾ, ಜೀರಿಗೆ ಹಾಕಿ" ಅಂದಳು ನನ್ನ ಹೆಂಡತಿ. "ಆರಿಸೋದು ಹೇಗೆ?" ಅಂದರು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ಚೊಂಬು ಬಾವಿ ನೀರು ಸುರಿಯುತ್ತಿದ್ದೆವು. ಆ ಬಾವಿ ಇರುವುದು ತೋಟದ ತಗ್ಗಿನಲ್ಲಿ, ತೋಟದ ಕೆಲಸಗಾರರ ಲೈನ್ ಮನೆಗಳ ಕಕ್ಕಸು ಗುಂಡಿ ಅದರ ಮೇಲುಗಡೆ! ರೋಗಿಯ ಮಲದಿಂದ ನೀರಿಗೆ, ಊಟಕ್ಕೆ ಹರಡುವ ಕಾಯಿಲೆ ಇದು. ಇನ್ನೇನು ಬೇಕು?

ಇನ್ನೊಂದು ತಪ್ಪೂ ನಮ್ಮದೇ. ಮೊದಲು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಕೊಟ್ಟಿದ್ದೆವು. ಆರನೇ ದಿನ ಜ್ವರ ಇಳಿಯಿತು, ಮಾತ್ರೆ ನಿಲ್ಲಿಸಿದೆವು. ಎರಡು ವಾರದಲ್ಲಿ ಮತ್ತೆ 103 ಡಿಗ್ರಿ. ಡಾಕ್ಟರು ಹೇಳಿದ್ದು: ಟೈಫಾಯಿಡಿಗೆ ಮಾಡುವ ವಿಡಾಲ್ ಎಂಬ ರಕ್ತಪರೀಕ್ಷೆಯ ಚೀಟಿಯೊಂದನ್ನೇ ನಂಬಬೇಡಿ, ಅದು ಸುಮ್ನೆ ಪಾಸಿಟಿವ್ ಬರುವುದೂ ಉಂಟು. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ಯಾವ ಔಷಧಿ ನಾಟುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು. ಹಿಂದೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಸಿಪ್ರೋಫ್ಲಾಕ್ಸಸಿನ್‌ಗೆ ಈ ರೋಗಾಣು ಈಗ ಸುಲಭವಾಗಿ ಬಗ್ಗುವುದಿಲ್ಲವಂತೆ. ಸರಿಯಾದ ಚಿಕಿತ್ಸೆ ಮಾಡಿಸದೆ ಬಿಟ್ಟರೆ ಕರುಳೇ ತೂತಾಗಬಹುದು. ಮಗನಿಗೆ ಇಂಜೆಕ್ಷನ್ ಕೊಡಿಸಿ, ಕೋರ್ಸ್ ಪೂರ್ತಿ ಮುಗಿಸಿದೆವು. ಆರು ತಿಂಗಳು ತುಂಬಿದ ಮಕ್ಕಳಿಗೂ ಹಾಕಿಸಬಹುದಾದ ಲಸಿಕೆ ಇದೆ ಅನ್ನುವುದೂ ನನಗೆ ತಿಳಿದದ್ದು ಆಗಲೇ.

ಜ್ವರ ಬಿಟ್ಟ ಮೇಲೂ ಕೆಲವರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿದು, ಮಲದಲ್ಲಿ ಹೊರಬೀಳುತ್ತಿರುತ್ತದಂತೆ. ಹಾಗಾಗಿ ಅಡುಗೆಯವರು, ಬಡಿಸುವವರು ಸೋಪು ಹಾಕಿ ಕೈ ತೊಳೆಯುವುದು ಸಣ್ಣ ಮಾತಲ್ಲ.

ಈಗ ನಮ್ಮ ಮನೆಯಲ್ಲಿ ಎರಡು ಪಾತ್ರೆ. ರಾತ್ರಿ ಕುದಿಸಿ ಮುಚ್ಚಿಟ್ಟು ಆರಿಸಿದ್ದು ಒಂದು, ಬೆಳಿಗ್ಗೆ ಕುದಿಸಿದ್ದು ಇನ್ನೊಂದು. ಎರಡನ್ನೂ ಬೆರೆಸಿ ಕುಡಿಯುತ್ತೇವೆ. ಹೋಟೆಲಿನವರಿಗೂ, ಮದುವೆ ಮಂಟಪದವರಿಗೂ ಇದೇನು ಜಾಸ್ತಿ ಖರ್ಚಲ್ಲ ಅಲ್ವಾ? ತಪಾಸಣೆಗೆ ಬರುವ ಅಧಿಕಾರಿಗಳು ಗೋಡೆಯ ಮೇಲಿನ ಲೈಸೆನ್ಸ್ ನೋಡಿ ಹೊರಡದೆ, ಒಳಗೆ ಹೋಗಿ ಆ ಜಗ್ಗು ತುಂಬಿಸುವುದು ಹೇಗೆ ಅಂತ ಒಮ್ಮೆ ನೋಡಲಿ.

— ಒಬ್ಬ ಕಾಫಿ ಬೆಳೆಗಾರ, ಸುಂಟಿಕೊಪ್ಪ