ಕವರಿನ ಹಿಂದೆ ಬರೆದ ಲೆಕ್ಕ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬಹುದಿತ್ತು. ಪಕ್ಕದಲ್ಲಿ ಅಮ್ಮ ಕುಳಿತಿದ್ದಳು, ಅದಕ್ಕೇ ಮಾತು ಹಾರಿಸಿದೆ. ನಾಳೆ ಫಾರ್ಮಸಿಸ್ಟ್ ಆಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಸಿಗರೇಟಿನ ಲೆಕ್ಕ ಕೇಳಿದರೆ ಯಾರು ನಿಜ ಹೇಳುತ್ತಾರೆ ಎಂದೆಯಲ್ಲ, ಯಾರೂ ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ಕಳೆದ ವರ್ಷ ರಕ್ತದೊತ್ತಡದ ಮಾತ್ರೆ ತರಲು ಹೋಗಿದ್ದೆ. ವೈದ್ಯರ ಮುಖ ನೋಡುವುದು ಆರು ತಿಂಗಳಿಗೊಮ್ಮೆ, ಮಾತ್ರೆ ಕೊಡುವ ಫಾರ್ಮಸಿಸ್ಟ್ ಮುಖ ಪ್ರತಿ ತಿಂಗಳೂ. ಆಕೆ ಮಾತ್ರೆಯ ಪಟ್ಟಿ ಎಣಿಸುತ್ತಾ, ತಲೆಯೆತ್ತದೆ, "ಸಿಗರೇಟು ಬಿಟ್ಟು ಎಷ್ಟು ವರ್ಷವಾಯಿತು?" ಎಂದರು. ಬಿಡುವಾಗ ನನಗೆ ನಿಕೋಟಿನ್ ಗಮ್ ಮಾರಿದ್ದವರು ಅವರೇ. ಸೇದುತ್ತೀರಾ ಎಂದಿದ್ದರೆ ಇಲ್ಲ ಎಂದು ಹೇಳಿ ಹೊರಟುಬಿಡುತ್ತಿದ್ದೆ. ಬಿಟ್ಟಿದ್ದರ ಬಗ್ಗೆ ಕೇಳಿದರೆ ಯಾರಿಗಾದರೂ ಎದೆಯುಬ್ಬುತ್ತದೆ. "12 ವರ್ಷ" ಎಂದೆ. ಎಷ್ಟು ವರ್ಷ ಸೇದಿದ್ದಿರಿ? 20ನೇ ವಯಸ್ಸಿನಿಂದ 46ರವರೆಗೆ. ದಿನಕ್ಕೆಷ್ಟು? "ಹತ್ತು" ಎಂದೆ, ಕಣ್ಣು ಮಿಟುಕಿಸದೆ.

ಆಕೆ ಮಾತ್ರೆಯ ಕವರು ತಿರುಗಿಸಿ ಅದರ ಬೆನ್ನಿಗೆ ಬರೆಯತೊಡಗಿದರು. ಇಪ್ಪತ್ತು ಸಿಗರೇಟಿಗೆ ಒಂದು ಪ್ಯಾಕು. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ನನ್ನದು 13 ಬಂತು. "ಶ್ವಾಸಕೋಶದ ಕ್ಯಾನ್ಸರಿನ ತಪಾಸಣೆಗೆ ಅಮೆರಿಕದಲ್ಲಿ 2021ರಿಂದ ಇಟ್ಟುಕೊಂಡಿರುವ ಅಳತೆ ಕನಿಷ್ಠ 20. ವಯಸ್ಸು 50ರಿಂದ 80, ಬಿಟ್ಟು 15 ವರ್ಷ ದಾಟಿರಬಾರದು. ಅಂಥವರಿಗೆ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. 13 ಆದರೆ ನಿಮಗೆ ಬೇಕಾಗುವುದಿಲ್ಲ" ಎಂದು ಪೆನ್ನು ಕೆಳಗಿಟ್ಟರು. ಗದರಲಿಲ್ಲ, ಅನುಮಾನವನ್ನೂ ತೋರಿಸಲಿಲ್ಲ. ಕವರು ನನ್ನ ಕಡೆ ಸರಿಸಿ, "ನೆನಪು ಮಾಡಿಕೊಳ್ಳಿ, ಕೆಲಸದ ಒತ್ತಡ ಹೆಚ್ಚಿದ್ದ ವರ್ಷಗಳಲ್ಲೂ ಹತ್ತೇ ಇತ್ತೇ?" ಎಂದರು.

ಇರಲಿಲ್ಲ. ಮೊದಲ ಹತ್ತು ವರ್ಷ ಹತ್ತು, ಆಮೇಲಿನ 16 ವರ್ಷ ಇಪ್ಪತ್ತು. ಐದು ಮತ್ತು ಹದಿನಾರು, 21. ಆಕೆ 13ರ ಮೇಲೆ ಗೆರೆ ಎಳೆದರು.

ಪಕ್ಕದಲ್ಲಿದ್ದವರ ವಿಷಯವನ್ನೂ ಹೇಳಲೇಬೇಕು. ಅವರು ಕೆಮ್ಮಿನ ಸಿರಪ್ ಕೇಳಿದರು. ಇದು ಒಂದೂವರೆ ತಿಂಗಳಲ್ಲಿ ಮೂರನೆಯ ಬಾಟಲಿಯಲ್ಲವೇ ಎಂದರು ಈಕೆ. ಅವರ ಮುಂದೆ ಯಾವ ಲೆಕ್ಕವೂ ಬರೆಯಲಿಲ್ಲ. ಈ ವಾರವೇ ವೈದ್ಯರನ್ನು ನೋಡಿ ಎಂದಷ್ಟೇ ಹೇಳಿ ಚೀಟಿ ಕೊಟ್ಟರು. ಸ್ಕ್ರೀನಿಂಗ್, ಅಂದರೆ ರೋಗವನ್ನು ಮೊದಲೇ ಹುಡುಕುವ ಇಂಥ ತಪಾಸಣೆ, ಇರುವುದು ಏನೂ ತೊಂದರೆ ಕಾಣಿಸದವರಿಗೆ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡವರಿಗೆ ಪ್ಯಾಕು ಎಣಿಸುತ್ತಾ ಕೂರಬಾರದು. ನಿನಗೆ ಇದು ಪಾಠದಲ್ಲೇ ಬಂದಿರುತ್ತದೆ, ನನಗೆ ಅಂದು ಹೊಸದು.

ಎಕ್ಸ್-ರೇ ಸಾಲದೇ ಎಂದು ಕೇಳಿದೆ. ಅದರಿಂದ ಸಾವು ಕಡಿಮೆಯಾಗಲಿಲ್ಲ ಎಂದು ದೊಡ್ಡ ಅಧ್ಯಯನವೇ ಹೇಳಿದೆಯಂತೆ. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂದಾಗ, ಎಕ್ಸ್-ರೇ ಗುಂಪಿಗಿಂತ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಡಿಮೆಯಿತ್ತು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಿದರು, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು: ಆ ಪರೀಕ್ಷೆಯಲ್ಲಿ ಸಿಟಿ ಮಾಡಿದ ಪ್ರತಿ ನಾಲ್ಕರಲ್ಲಿ ಸುಮಾರು ಒಂದರಲ್ಲಿ ಏನೋ ಕಂಡಿತ್ತು, ಹಾಗೆ ಕಂಡದ್ದರಲ್ಲಿ ಶೇ. 96ರಷ್ಟು ಕ್ಯಾನ್ಸರ್ ಆಗಿರಲಿಲ್ಲ. "ಗಾಬರಿ ಪಡಲು ಸಿದ್ಧರಾಗಿಯೇ ಹೋಗಿ. ಮಾಡಿಸಬೇಕೋ ಬೇಡವೋ ಎಂಬುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿ" ಎಂದು ಕಾಗದ ಬರೆದುಕೊಟ್ಟರು. ಅಂಗಡಿಯ ಗೋಡೆಯ ಮೇಲೆ ಇದೇ ವಿಷಯದ ಪೋಸ್ಟರು ಎಷ್ಟೋ ತಿಂಗಳಿಂದ ಇತ್ತು. ನಾನು ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಸ್ಕ್ಯಾನ್ ದೊಡ್ಡ ಕೆಲಸವೇನಲ್ಲ. ಸೂಜಿಯಿಲ್ಲ, ಕೆಲವು ಸೆಕೆಂಡು ಉಸಿರು ಬಿಗಿಹಿಡಿಯಬೇಕು, ಅಷ್ಟೇ. ಬಲ ಶ್ವಾಸಕೋಶದಲ್ಲಿ 5 ಮಿಲಿಮೀಟರಿನ ಗಂಟು ಕಂಡಿತು. ಇಷ್ಟು ಸಣ್ಣದಾದರೆ ವರ್ಷ ಬಿಟ್ಟು ಮತ್ತೆ ನೋಡಿದರೆ ಸಾಕು ಎಂದರು ವೈದ್ಯರು. ಆ ವಾರ ನನಗೆ ನಿದ್ದೆ ಬರಲಿಲ್ಲ. ಮುಂದಿನ ತಿಂಗಳ ಮಾತ್ರೆಗೆ ಹೋದಾಗ ಆಕೆ ಮೊದಲು ಕೇಳಿದ್ದು ನಿದ್ದೆಯ ಬಗ್ಗೆಯೇ.

ಅಂಗಡಿಯಲ್ಲಿ ಮಾತ್ರೆ ಎಣಿಸಲು ಇಷ್ಟು ವರ್ಷ ಓದಬೇಕೇ ಎಂದು ನಿನ್ನನ್ನು ಕೆಣಕುತ್ತಿದ್ದೆನಲ್ಲ, ಅದನ್ನು ಹಿಂತೆಗೆದುಕೊಂಡಿದ್ದೇನೆ. ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಒಬ್ಬನ ಜೊತೆ ಐದು ನಿಮಿಷ ಮಾತನಾಡುವುದು ಹೇಗೆ ಎಂಬ ನಿನ್ನ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅಂದು ನನ್ನ ಹಿಂದೆ ಇದ್ದವರು ಗೊಣಗಿದ್ದು ನಿಜ.

ಆ ಕವರನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಸ್ಕ್ಯಾನಿನ ವಿಷಯ ಅಮ್ಮನಿಗೆ ಗೊತ್ತು, 21ರ ವಿಷಯ ಗೊತ್ತಿಲ್ಲ. ಇಂದಿಗೂ ಅವಳ ಲೆಕ್ಕದಲ್ಲಿ ನಾನು ಸೇದುತ್ತಿದ್ದದ್ದು ದಿನಕ್ಕೆ ಹತ್ತು. ಮುಂದಿನ ತಿಂಗಳ ಸ್ಕ್ಯಾನಿಗೆ ಇಬ್ಬರೂ ಹೋಗುತ್ತೇವೆ, ದಾರಿಯಲ್ಲಿ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ.

ನಿನ್ನ
ಅಪ್ಪ