ಠಾಣೆಗೆ ಹೊರಟಿರುವ ಮಗಳಿಗೆ

ಉಡುಪಿ

ಪ್ರೀತಿಯ ಮಗಳೇ,

ಅಮ್ಮನ ಆಶೀರ್ವಾದಗಳು. ತರಬೇತಿ ಮುಗಿಯುತ್ತ ಬಂತು, ಇನ್ನು ಸ್ವಲ್ಪ ದಿನದಲ್ಲಿ ಪ್ರೊಬೇಷನರಿ ಪಿಎಸ್‌ಐ ಆಗಿ ಯಾವುದೋ ಒಂದು ಠಾಣೆಗೆ ಹೋಗುತ್ತೀಯೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಎರಡು ಮಾತಿನಲ್ಲಿ ಉತ್ತರಿಸಿ ಮುಗಿಸುವಂಥದ್ದಲ್ಲ, ಆದ್ದರಿಂದ ಕುಳಿತು ಬರೆಯುತ್ತಿದ್ದೇನೆ. ಪೊಲೀಸರೆಂದರೆ ಲಂಚ, ಹೊಡೆತ, ರಾಜಕಾರಣಿಗಳ ಕೈಗೊಂಬೆಗಳು ಎಂದು ಮಾತನಾಡುವ ನಮ್ಮ ನೆಂಟರಿಷ್ಟರೇ, ಎಲ್ಲಾದರೂ ಒಂದು ಮಗುವಿನ ಮೇಲೆ ದೌರ್ಜನ್ಯವಾದ ಸುದ್ದಿ ಬಂದ ದಿನ ‘ಅವನನ್ನು ಅಲ್ಲೇ ಗುಂಡಿಟ್ಟು ಕೊಲ್ಲಬೇಕು’ ಎಂದು ಅದೇ ಪೊಲೀಸರನ್ನು ಒತ್ತಾಯಿಸುತ್ತಾರೆ. ಹಾಗಾದರೆ ಇವರಿಗೆ ನಮ್ಮ ಮೇಲೆ ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಿದೆಯಲ್ಲ. ಚಪ್ಪಾಳೆ ಬೇರೆ, ನಂಬಿಕೆ ಬೇರೆ ಎಂದು ನಾನು ತಿಳಿದಿದ್ದೇನೆ. ಹಾಗೆ ಏಕೆ ತಿಳಿದಿದ್ದೇನೆ ಎಂಬುದನ್ನು ಹೇಳುತ್ತೇನೆ.

ಫೌಜುದಾರಿ ನ್ಯಾಯಾಲಯದಲ್ಲಿ ಬೆಂಚ್ ಕ್ಲಾರ್ಕ್ ಆಗಿದ್ದ ನನಗೆ ಪೊಲೀಸರ ಪರಿಚಯವಾದದ್ದು ಹೆಚ್ಚಾಗಿ ಅವರು ಕಳುಹಿಸುತ್ತಿದ್ದ ಕಾಗದಗಳ ಮೂಲಕ. ಎಫ್‌ಐಆರ್, ಆರೋಪಿಯನ್ನು ವಶದಲ್ಲಿಡಲು ಕೋರುವ ರಿಮಾಂಡ್ ಅರ್ಜಿ, ಸ್ಥಳದಲ್ಲಿ ಕಂಡದ್ದನ್ನು ಬರೆಯುವ ಮಹಜರು, ವೈದ್ಯಕೀಯ ವರದಿ ಎಲ್ಲವೂ ನನ್ನ ಮೇಜನ್ನು ದಾಟಿಯೇ ಹೋಗುತ್ತಿದ್ದವು. ಯಾವ ಠಾಣೆಯ ರೈಟರ್, ಅಂದರೆ ಕಾಗದಪತ್ರ ಬರೆಯುವ ಪೊಲೀಸ್, ಸಮಯವನ್ನು ಇದ್ದ ಹಾಗೆ ಬರೆಯುತ್ತಾನೆ, ಯಾವ ಠಾಣೆಯ ಮಹಜರುಗಳಲ್ಲೆಲ್ಲ ಅದೇ ಇಬ್ಬರು ಪಂಚರ, ಅಂದರೆ ಸಾಕ್ಷಿಗಳ, ಸಹಿ ಇರುತ್ತದೆ ಎಂಬುದು ಕ್ರಮೇಣ ಗೊತ್ತಾಗಿಬಿಡುತ್ತದೆ. ನ್ಯಾಯಾಧೀಶರಿಗೂ ಗೊತ್ತಾಗುತ್ತದೆ, ವಕೀಲರಿಗಂತೂ ಮೊದಲೇ ಗೊತ್ತಿರುತ್ತದೆ.

ಒಂದು ಸಂಜೆಯ ವಿಷಯ ಹೇಳುತ್ತೇನೆ. ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದ ಒಡಿಶಾದ ಹುಡುಗನೊಬ್ಬನನ್ನು ಕಳವಿನ ಆರೋಪದಲ್ಲಿ ಹಾಜರುಪಡಿಸಿದ್ದರು. ಯಾವ ಠಾಣೆ ಎಂಬುದು ಈಗ ಬೇಡ. ಪೊಲೀಸರಿಂದ ಏನಾದರೂ ತೊಂದರೆಯಾಗಿದೆಯೇ ಎಂದು ಮ್ಯಾಜಿಸ್ಟ್ರೇಟರು ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದರು. ಅವನು ಮೊದಲು ಪಕ್ಕದಲ್ಲಿ ನಿಂತಿದ್ದ ಪೇದೆಯ ಮುಖ ನೋಡಿದ, ಆಮೇಲೆ ಇಲ್ಲ ಎಂಬಂತೆ ತಲೆಯಾಡಿಸಿದ. ವೈದ್ಯಕೀಯ ವರದಿಯಲ್ಲೂ ಗಾಯಗಳಿಲ್ಲ ಎಂದೇ ಇತ್ತು. ಆದರೆ ಸಹಿ ಹಾಕಲು ನಾನು ಪೆನ್ನು ಕೊಟ್ಟಾಗ ಅವನಿಗೆ ಬಲಗೈಯಲ್ಲಿ ಅದನ್ನು ಹಿಡಿಯಲಾಗಲಿಲ್ಲ; ಬೆರಳುಗಳು ಮಡಚುತ್ತಿರಲಿಲ್ಲ, ಅಂಗೈ ಊದಿಕೊಂಡು ಕಪ್ಪಾಗಿತ್ತು. ಮ್ಯಾಜಿಸ್ಟ್ರೇಟರು ಅದನ್ನು ಗಮನಿಸಿ, ಪೊಲೀಸರನ್ನೆಲ್ಲ ಹೊರಗೆ ಕಳುಹಿಸಿ, ಹಿಂದಿ ಬಲ್ಲ ವಕೀಲರೊಬ್ಬರನ್ನು ಹತ್ತಿರ ಕರೆದು ಮತ್ತೆ ಕೇಳಿದಾಗ ಅವನು ಎಲ್ಲವನ್ನೂ ಹೇಳಿದ. ಅವನನ್ನು ಹಿಡಿದದ್ದು ಹಿಂದಿನ ರಾತ್ರಿಯ ಹಿಂದಿನ ರಾತ್ರಿ, ಬಂಧನದ ಮೆಮೋದಲ್ಲಿ ಇದ್ದದ್ದು ಅದೇ ದಿನ ಬೆಳಗಿನ ಸಮಯ. ಬೋಟು ನಡೆಸುವ ತಂಡೇಲನೂ ಹಾಗೆಯೇ ಹೇಳಿದ.

ಬಂಧಿಸಿದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಅದನ್ನು ಮೀರಲು ಯಾರೂ ಸಂವಿಧಾನವನ್ನು ತಿದ್ದಬೇಕಾಗಿಲ್ಲ, ಮೆಮೋದಲ್ಲಿ ಸಮಯವನ್ನು ತಿದ್ದಿದರೆ ಸಾಕು. ಆ ಹುಡುಗ ಕದ್ದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಕದ್ದಿದ್ದರೂ ಆ ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲುವಂತಿರಲಿಲ್ಲ, ಏಕೆಂದರೆ ಮೊದಲ ಕಾಗದವೇ ಸುಳ್ಳಾಗಿತ್ತು. ಕಳೆದುಕೊಂಡವರಿಗೂ ಅದರಿಂದ ಸಿಕ್ಕಿದ್ದು ಅನ್ಯಾಯವೇ.

ನಮ್ಮ ಕರಾವಳಿಯಲ್ಲಿ ಪೊಲೀಸರ ಬಗ್ಗೆ ಎದ್ದಿರುವ ಚರ್ಚೆಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ: ಏನು ನಡೆಯಿತು, ಏನನ್ನು ಬರೆದರು, ಯಾವಾಗ ಬರೆದರು. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ, ಕೇರಳದ ವಯನಾಡಿನ ವ್ಯಕ್ತಿಯೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಮೊದಲು ದಾಖಲಾದದ್ದು ಅಸಹಜ ಸಾವಿನ ಪ್ರಕರಣ, ಅಂದರೆ ಯುಡಿಆರ್. ಗುಂಪು ಹಲ್ಲೆಯ ಕೊಲೆ ಎಂದು ಎಫ್‌ಐಆರ್ ಆಗಿ ಬಂಧನಗಳು ಶುರುವಾದದ್ದು ಆಮೇಲೆ. ಕರ್ತವ್ಯಲೋಪದ ಕಾರಣಕ್ಕೆ ಇನ್‌ಸ್ಪೆಕ್ಟರ್ ಸೇರಿ ಮೂವರು ಪೊಲೀಸರು ಅಮಾನತಾದರು. ನಡುವಿನ ಆ ವಿಳಂಬ ಎಷ್ಟು ದುಬಾರಿಯಾಯಿತು ಎಂಬುದನ್ನು ಯೋಚಿಸು. ಸತ್ತವನ ಕಡೆಯವರಿಗೆ, ಅವನ ಸಮುದಾಯದವರಿಗೆ, ನಂತರ ಪೊಲೀಸರು ಎಷ್ಟೇ ಚುರುಕಾಗಿ ಕೆಲಸ ಮಾಡಿದರೂ ಆ ಮೊದಲ ದಾಖಲೆಯೇ ನೆನಪಿನಲ್ಲಿ ಉಳಿಯುತ್ತದೆ. ದೂರಿನಲ್ಲಿ ಸಂಜ್ಞೇಯ ಅಪರಾಧ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ, ಕಾಣುತ್ತಿದ್ದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿತ್ತು. ಅದು ನಿನಗೆ ತರಗತಿಯಲ್ಲಿ ಬಾಯಿಪಾಠವಾಗಿರುತ್ತದೆ. ಠಾಣೆಯಲ್ಲಿ ಕುಳಿತಾಗ ಮಾತ್ರ ‘ಅರ್ಜಿ ವಿಚಾರಣೆ ಮಾಡಿ ಹಿಂಬರಹ ಕೊಟ್ಟು ಕಳುಹಿಸಿ ಮೇಡಂ, ಸುಮ್ಮನೆ ಯಾಕೆ ಕ್ರೈಮ್ ನಂಬರ್ ಹೆಚ್ಚಿಸಿಕೊಳ್ಳುವುದು’ ಎಂದು ಸಲಹೆ ಕೊಡುವವರು ಇದ್ದೇ ಇರುತ್ತಾರೆ.

ನಮ್ಮ ಉಡುಪಿ ಜಿಲ್ಲೆಯ ಎರಡು ಪ್ರಕರಣಗಳನ್ನೂ ನೆನಪಿನಲ್ಲಿಡು. 2018ರ ಮೇ 30ರಂದು ಪೆರ್ಡೂರಿನಲ್ಲಿ ಜಾನುವಾರು ವ್ಯಾಪಾರಿಯೊಬ್ಬರ ಶವ ಸಿಕ್ಕಿದಾಗ, ಆ ಸಾವಿಗೆ ಸಂಬಂಧಿಸಿ ಜಿಲ್ಲೆಯ ಪೊಲೀಸರು ಹಿರಿಯಡ್ಕ ಠಾಣೆಯ ಸಬ್‌ಇನ್‌ಸ್ಪೆಕ್ಟರನ್ನೇ ಬಂಧಿಸಿದರು. 2024ರ ನವೆಂಬರ್‌ನಲ್ಲಿ ಬ್ರಹ್ಮಾವರ ಠಾಣೆಯ ವಶದಲ್ಲಿದ್ದ ಕೇರಳದ ಕಾರ್ಮಿಕರೊಬ್ಬರು ಸತ್ತಾಗ ಪಿಎಸ್‌ಐ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯದ ವಿಷಯ. ಆದರೆ ತನ್ನವರ ಮೇಲೆಯೇ ಕ್ರಮ ಜರುಗಿಸಿದ ದಿನ ಇಲಾಖೆಯ ಮಾನ ಹೋಗುತ್ತದೆ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. 2018ರಲ್ಲಿ ಆ ಬಂಧನದ ಸುದ್ದಿ ಬಂದಾಗ, ಪೊಲೀಸರ ಮೇಲೆ ಯಾವ ಭರವಸೆಯೂ ಇಟ್ಟುಕೊಂಡಿರದವರು ಕೂಡ ಪರವಾಗಿಲ್ಲ, ಕೇಳುವವರು ಇದ್ದಾರೆ ಎಂದದ್ದನ್ನು ನ್ಯಾಯಾಲಯದ ಜಗಲಿಯಲ್ಲೇ ನಾನು ಕೇಳಿದ್ದೇನೆ.

ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದದ್ದೂ, ಬೆಳ್ತಂಗಡಿ ತಾಲ್ಲೂಕಿನ 2012ರ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ಏಕೈಕ ಆರೋಪಿ 2023ರ ಜೂನ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದದ್ದೂ ಇನ್ನೂ ಜನರ ಬಾಯಲ್ಲಿವೆ. ಮೊದಲನೆಯದರಲ್ಲಿ ಒಂದು ಊರು ಎರಡು ಸತ್ಯಗಳನ್ನು ನಂಬಿಕೊಂಡು ಉಳಿಯಿತು. ಎರಡನೆಯದರಲ್ಲಿ ಆ ತಾಯಿಗೆ ಮಗಳನ್ನು ಕೊಂದವರು ಯಾರು ಎಂಬ ಉತ್ತರವೇ ಸಿಗಲಿಲ್ಲ. ಆರಂಭದ ದಿನಗಳಲ್ಲಿ ಸಂಗ್ರಹಿಸಬೇಕಾದ ಸಾಕ್ಷ್ಯವನ್ನು ಹನ್ನೊಂದು ವರ್ಷಗಳ ನಂತರ ಯಾವ ನ್ಯಾಯಾಲಯವೂ ಸೃಷ್ಟಿಸಲಾರದು.

ಈಗ ಚಪ್ಪಾಳೆಯ ವಿಷಯಕ್ಕೆ ಬರುತ್ತೇನೆ. 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹತ್ತಿರ, ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಎನ್‌ಕೌಂಟರ್‌ನಲ್ಲಿ ಸತ್ತಾಗ ಜನ ಪೊಲೀಸರ ಮೇಲೆ ಹೂ ಸುರಿದರು. ನಮ್ಮ ಮನೆಯಲ್ಲೂ ಸಂತೋಷಪಟ್ಟವರಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂದಾಗ, ಆರೋಪಿಗಳ ಮೇಲೆ ಉದ್ದೇಶಪೂರ್ವಕವಾಗಿಯೇ ಗುಂಡು ಹಾರಿಸಲಾಗಿತ್ತು, ಹತ್ತು ಪೊಲೀಸರ ವಿಚಾರಣೆ ನಡೆಯಬೇಕು, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದಿತು. ಹೂ ಸುರಿದವರಲ್ಲಿ ಎಷ್ಟು ಮಂದಿ ಆ ವರದಿಯನ್ನು ಓದಿರಬಹುದು? ಆ ನಾಲ್ವರು ತಪ್ಪಿತಸ್ಥರೇ ಆಗಿದ್ದರೂ ಅದನ್ನು ಸಾಬೀತುಪಡಿಸುವ ದಾರಿ ಅಂದೇ ಮುಚ್ಚಿಹೋಯಿತು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆ ಆರೋಪಿ ಪೊಲೀಸರ ಗುಂಡಿಗೆ ಸತ್ತಾಗಲೂ ಮಹಿಳಾ ಪಿಎಸ್‌ಐಯೊಬ್ಬರಿಗೆ ಜೈಕಾರ ಬಿತ್ತು. ಅಲ್ಲಿ ನಡೆದದ್ದೇನು ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಜೈಕಾರ ಕೇಳಿ ನಿನ್ನ ವಯಸ್ಸಿನ ಅಧಿಕಾರಿಗಳ ಮನಸ್ಸಿನಲ್ಲಿ ಏನು ಹುಟ್ಟಬಹುದು ಎಂದು ನನಗೆ ಭಯವಾಗುತ್ತದೆ. ತನಿಖೆ, ದೋಷಾರೋಪ ಪಟ್ಟಿ, ಸಾಕ್ಷಿ ಎಂದು ವರ್ಷಗಟ್ಟಲೆ ದುಡಿದು ಶಿಕ್ಷೆ ಕೊಡಿಸಿದ ಅಧಿಕಾರಿಗೆ ಯಾರೂ ಹಾರ ಹಾಕುವುದಿಲ್ಲ.

ಪೊಲೀಸರ ಕಷ್ಟ ನನಗೆ ತಿಳಿಯದ್ದಲ್ಲ. ಪರ್ಯಾಯ, ದಸರಾ, ಚುನಾವಣೆ, ಗಲಭೆ ಎಂದು ಬಂದೋಬಸ್ತಿನಲ್ಲಿ ನಿದ್ದೆಗೆಟ್ಟು, ಮರುದಿನ ಅದೇ ಸಮವಸ್ತ್ರದಲ್ಲಿ ನ್ಯಾಯಾಲಯಕ್ಕೆ ಬಂದು ನಿಂತಲ್ಲೇ ತೂಕಡಿಸುತ್ತಿದ್ದ ಪೇದೆಗಳನ್ನು ನೋಡಿದ್ದೇನೆ. 2016ರ ಜೂನ್‌ನಲ್ಲಿ ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆಯ ಎಚ್ಚರಿಕೆ ಕೊಟ್ಟದ್ದು ಸುಮ್ಮನೆ ಅಲ್ಲ. ವರ್ಗಾವಣೆಯ ಭಯವೂ ನಿಜ. ಅದಕ್ಕೆಂದೇ ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕು, ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಬೇಕು, ಜನರ ದೂರು ಕೇಳಲು ರಾಜ್ಯದಲ್ಲೂ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕು ಎಂದಿತು. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆ ಪ್ರಾಧಿಕಾರಕ್ಕೆ ಅವಕಾಶ ಮಾಡಿತು. ನಮ್ಮ ಬೀದಿಯಲ್ಲಿ ಕೇಳಿ ನೋಡಿದರೆ ಅಂಥದ್ದೊಂದು ಇದೆ ಎಂದು ತಿಳಿದವರು ಸಿಗುವುದೇ ಕಷ್ಟ. ಇನ್ನು ನೇಮಕಾತಿಯ ಮಾತು ನಿನಗೇ ಗೊತ್ತು. ನೀನು ಓದುತ್ತಿದ್ದ ದಿನಗಳಲ್ಲೇ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಬಯಲಾಗಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ 2022ರ ಜುಲೈಯಲ್ಲಿ ಬಂಧಿತರಾದರು. ಒಂದು ರೂಪಾಯಿ ಯಾರ ಕೈಗೂ ಹಾಕದೆ ನೀನು ಆಯ್ಕೆಯಾದೆ ಎಂಬುದು ನನಗೆ ಎಂಥ ಹೆಮ್ಮೆ ಎಂದು ಹೇಳಿ ಮುಗಿಸಲಾರೆ. ಕೊಟ್ಟು ಬಂದವರಿಗೆ ಅದನ್ನು ಮರಳಿ ಗಳಿಸುವ ಆತುರವಿರುತ್ತದೆ. ನಿನಗೆ ಆ ಋಣ ಯಾರದ್ದೂ ಇಲ್ಲ.

ತಮಿಳುನಾಡಿನ ಸಾತಾನ್‌ಕುಳಂ ಠಾಣೆಯ ಪ್ರಕರಣವನ್ನೂ ತರಬೇತಿಯಲ್ಲಿ ಹೇಳಿರಬಹುದು. 2020ರ ಜೂನ್‌ನಲ್ಲಿ, ಲಾಕ್‌ಡೌನ್ ವೇಳೆಯಲ್ಲಿ, ಮೊಬೈಲ್ ಅಂಗಡಿಯ ತಂದೆ ಮತ್ತು ಮಗನನ್ನು ಕರೆದೊಯ್ದು ಹೊಡೆದರು, ಇಬ್ಬರೂ ಸತ್ತರು. ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಠಾಣೆಯ ಕ್ಯಾಮೆರಾಗಳ ದೃಶ್ಯ ಸಿಗಲಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿದ್ದರೂ ದಿನದಿನದ ದೃಶ್ಯ ತಾನಾಗಿ ಅಳಿಸಿಹೋಗುವಂತೆ ಇಟ್ಟಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿಯೊಂದು ಠಾಣೆಯ ಲಾಕಪ್ಪು, ಪಡಸಾಲೆ, ಬಾಗಿಲುಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಇಡಬೇಕು, ಅದು ಸಾಧ್ಯವಾಗದಿದ್ದರೆ ಒಂದು ವರ್ಷಕ್ಕೆ ಕಡಿಮೆಯಾಗಬಾರದು ಎಂದಿತು. ಆದರೆ ಸಾತಾನ್‌ಕುಳಂನಲ್ಲಿ ಕ್ಯಾಮೆರಾ ಮಾಡದ ಕೆಲಸವನ್ನು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಮಾಡಿದರು. ಸಹೋದ್ಯೋಗಿಗಳು ಸುತ್ತ ಇರುವಾಗಲೇ, ಅಂಜುತ್ತಲೇ, ಆ ರಾತ್ರಿ ತಾವು ಕಂಡದ್ದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಿದರು. ನಾನು ದೇವರಲ್ಲಿ ಬೇಡುವುದಿಷ್ಟು: ನಿನಗೆ ಅಂಥ ರಾತ್ರಿ ಬಾರದಿರಲಿ, ಬಂದರೆ ಆ ಹೆಣ್ಣುಮಗಳ ಧೈರ್ಯ ನಿನಗಿರಲಿ. ಅದರಿಂದ ಕೆಲಸಕ್ಕೇ ಸಂಚಕಾರ ಬಂದರೂ ನಿನಗೆ ಮನೆಯಿದೆ, ನಾವಿದ್ದೇವೆ. ಇದನ್ನು ನಿನ್ನ ಅಪ್ಪನೂ ಬರೆಯಲು ಹೇಳಿದ್ದಾರೆ.

ಕೆಲಸದ ಒಂದೆರಡು ಮಾತು. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು, ತಕ್ಷಣ ಆಗದಿದ್ದರೆ ರಿಮಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ನೀನು ಕರಾವಳಿಯ ಠಾಣೆಗೇ ಬಂದರೆ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹಿಂದಿ, ಒಡಿಯಾ ಎಲ್ಲವೂ ಎದುರಾಗುತ್ತವೆ. ಕನ್ನಡದ ಅಚ್ಚು ನಮೂನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಮುಗಿಸುವ ಹಳೆಯ ಅಭ್ಯಾಸ ಇನ್ನು ನಡೆಯದು, ನಡೆಯಲೂ ಬಾರದು. ವೈದ್ಯರ ಬಳಿ ಕಳುಹಿಸಿದಾಗ ಜೊತೆಗೆ ಹೋದ ಪೇದೆ ಕೋಣೆಯ ಹೊರಗೆ ನಿಲ್ಲಲಿ. ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಡವಾಗಿ ತಲುಪಿದರೆ ತಡವಾದ ಕಾರಣವನ್ನು ಅಲ್ಲೇ ಬರೆದಿಡು. ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ನೆನಪು ಮಾಡಿಕೊಂಡು ಹೇಳಿದ ಕಾರಣವನ್ನು ಯಾರೂ ನಂಬುವುದಿಲ್ಲ. ಸ್ಟೇಷನ್ ಡೈರಿಯಲ್ಲಿ ನಂತರ ತುಂಬಿಸಲೆಂದು ಖಾಲಿ ಸಾಲು ಬಿಡುವ ರೂಢಿ ಎಲ್ಲಾದರೂ ಕಂಡರೆ ಮೊದಲ ದಿನವೇ ನಿಲ್ಲಿಸು.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿತರ ಹೆಸರು, ವಿಳಾಸ ಮತ್ತು ಅಪರಾಧದ ವಿವರ ಠಾಣೆಯಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು, ಅದಕ್ಕೊಬ್ಬ ಅಧಿಕಾರಿಯೂ ಇರಬೇಕು. ಸಿಸಿಟಿವಿ ಇದೆ, ಹಕ್ಕುಗಳ ಉಲ್ಲಂಘನೆಯಾದರೆ ದೂರು ಕೊಡಬಹುದು ಎಂಬ ಫಲಕವೂ ಬೇಕೆಂದು 2020ರ ಆದೇಶವಿದೆ. ಠಾಣೆ ಯಾವುದೆಂದು ತಿಳಿದ ಕೂಡಲೇ ಬರೆ. ಹೋದ ಮೇಲೆ ಆ ಎರಡು ಫಲಕಗಳು ಅಲ್ಲಿವೆಯೇ, ಇದ್ದರೆ ಕನ್ನಡದಲ್ಲಿವೆಯೇ, ಬಾಗಿಲ ಬಳಿ ಇವೆಯೋ ರೈಟರ್ ಕೋಣೆಯ ಬೀರುವಿನ ಹಿಂದೆ ಇವೆಯೋ ನೋಡಿ ತಿಳಿಸು. ಇಲ್ಲದಿದ್ದರೆ ಕನ್ನಡದ ಒಕ್ಕಣೆಯನ್ನು ನಾನೇ ಬರೆದು ಕಳುಹಿಸುತ್ತೇನೆ.

ನಿನ್ನ ಅಮ್ಮ