ಮಗಳಿಗೊಂದು ಪತ್ರ: ಗೋಡೆಯ ಆಚೆ ಬದಿಯಿಂದ

ಅರಸೀಕೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊನ್ನೆ ಡ್ಯೂಟಿ ಮುಗಿಸಿ ಫೋನ್ ಮಾಡಿದಾಗ ನೀನು ತುಂಬಾ ಸಿಟ್ಟಿನಲ್ಲಿದ್ದೆ. "ಅಮ್ಮಾ, ಹೆಸರಿಗೆ ನಾನು ಸ್ಟೇಷನ್ ಮಾಸ್ಟರ್. ಬುಕಿಂಗ್‌ನವಳು ನನ್ನ ಮಾತು ಕೇಳಲ್ಲ. ಸಿಗ್ನಲ್‌ನವನು ಕೇಳಲ್ಲ. ಟ್ರ್ಯಾಕ್‌ನವರು ಕರೆದರೂ ತಿರುಗಿ ನೋಡಲ್ಲ. ನಾನು ಯಾವುದಕ್ಕೆ ಮಾಸ್ಟರು?" ಅಂದೆ. ನಾನು ನಕ್ಕುಬಿಟ್ಟೆ. ನಿನಗೆ ಇನ್ನೂ ಸಿಟ್ಟು ಬಂತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಮಾತು ಅಲ್ಲಿಗೇ ನಿಂತಿತು.

ನಗು ಬಂದಿದ್ದು ಯಾಕೆ ಗೊತ್ತಾ? ಆ ಬುಕಿಂಗ್‌ನವಳು ನಾನೇ ಕಣೇ. 31 ವರ್ಷ ಸ್ಟೇಷನ್ ಮಾಸ್ಟರ್‌ಗಳ ಮಾತು ಕೇಳದೆ ಕೆಲಸ ಮಾಡಿದವಳು.

ನಿನಗೆ ನೆನಪಿರಬಹುದು, ನೀನು ಶಾಲೆ ಬಿಟ್ಟು ನೇರ ನನ್ನ ಕೌಂಟರಿಗೆ ಬರುತ್ತಿದ್ದೆ. ನನ್ನ ರೂಮಿಗೂ ಮಾಸ್ಟರ್ ರೂಮಿಗೂ ನಡುವೆ ಒಂದೇ ಗೋಡೆ. ಅದರಲ್ಲಿ ಒಂದು ಸಣ್ಣ ಕಿಟಕಿ. ಆ ಕಡೆಯಿಂದ ಅವರ ದನಿ ಕೇಳಿಸುತ್ತಿತ್ತು: "ಪ್ರೈವೇಟ್ ನಂಬರ್ ನಾಲ್ಕು ಏಳು, ನಲವತ್ತೇಳು." ಗೇಟು ಮುಚ್ಚಿದ್ದಕ್ಕೆ ಖಾತ್ರಿಯಾಗಿ ಗೇಟ್‌ಮನ್ ತನ್ನ ಹಾಳೆಯ ನಂಬರ್ ಹೇಳಬೇಕು, ಇವರು ಬರೆದುಕೊಳ್ಳಬೇಕು. ಹಾಳೆಯಲ್ಲಿರುವ ನಂಬರನ್ನು ಒಮ್ಮೆ ಕೊಟ್ಟ ಮೇಲೆ ಹೊಡೆದುಹಾಕಬೇಕು. ಈ ಕಡೆ ನಾನು ಗಟ್ಟಿ ರಟ್ಟಿನ ಟಿಕೆಟ್ಟನ್ನು ತಾರೀಖಿನ ಮಿಷನ್ನಿಗೆ ತೂರಿಸಿ ಟಕ್ ಅನ್ನಿಸುತ್ತಿದ್ದೆ. ಇಬ್ಬರೂ ಕಾಯುತ್ತಿದ್ದುದು ಒಂದೇ ಗಾಡಿಗೆ. ಆದರೆ ಇಬ್ಬರ ಸಾಹೇಬರು ಬೇರೆ.

ನಾನು ಕಮರ್ಷಿಯಲ್, ಅಂದರೆ ಟಿಕೆಟ್ಟು ದುಡ್ಡಿನ ಕಡೆ. ನನ್ನ ಮೇಲೆ ಕಮರ್ಷಿಯಲ್ ಇನ್‌ಸ್ಪೆಕ್ಟರ್, ಅವರ ಮೇಲೆ ಮೈಸೂರಿನಲ್ಲಿ ಸೀನಿಯರ್ ಡಿಸಿಎಂ. ನೀನು ಆಪರೇಟಿಂಗ್, ಅಂದರೆ ಗಾಡಿಗಳ ಓಡಾಟದ ಕಡೆ. ನಿನ್ನ ಮೇಲೆ ಟ್ರಾಫಿಕ್ ಇನ್‌ಸ್ಪೆಕ್ಟರ್, ಅವರ ಮೇಲೆ ಸೀನಿಯರ್ ಡಿಒಎಂ. ನಿಜ ಹೇಳಬೇಕೆಂದರೆ ನಮ್ಮಿಬ್ಬರದೂ ಒಂದೇ ಟ್ರಾಫಿಕ್ ಮನೆತನ. ಅಣ್ಣ ತಮ್ಮಂದಿರು ಬೇರೆ ಒಲೆ ಹೂಡಿದ ಹಾಗೆ. ಸಿಗ್ನಲ್‌ನವನು ಅದೂ ಅಲ್ಲ. ಅವನದು ಸಿಗ್ನಲ್ ಮತ್ತು ಟೆಲಿಕಾಂ, ಅವನಿಗೆ ಸೀನಿಯರ್ ಡಿಎಸ್‌ಟಿಇ ದೊಡ್ಡವರು. ಕೀಮನ್, ಟ್ರ್ಯಾಕ್‌ನವರು ಎಂಜಿನಿಯರಿಂಗ್, ಹಳಿ ನೋಡಿಕೊಳ್ಳುವ ಪಿ-ವೇ ಸಾಹೇಬರು ಹೇಳಿದರೆ ಮಾತ್ರ ಏಳುವವರು. ಬೋಗಿ ತಪಾಸಣೆಯವರು ಮೆಕ್ಯಾನಿಕಲ್. ಕರೆಂಟಿನ ಎಂಜಿನ್ ಓಡಿಸುವ ಲೋಕೋ ಪೈಲಟ್ ಎಲೆಕ್ಟ್ರಿಕಲ್. ಗಾಡಿಯ ಹಳಿ ಬದಲಿಸುವ ಪಾಯಿಂಟ್ ನೋಡಿಕೊಳ್ಳುವ ಪಾಯಿಂಟ್ಸ್‌ಮನ್ ನಿನ್ನವನೇ, ಅವನನ್ನು ಚೆನ್ನಾಗಿ ನೋಡಿಕೋ. ಗಾರ್ಡ್ ಕೂಡ ನಿಮ್ಮವರೇ. 2022ರಿಂದ ಅವರಿಗೆ ಟ್ರೈನ್ ಮ್ಯಾನೇಜರ್ ಅನ್ನೋ ಹೆಸರು ಬಂದಿದೆ. ನನ್ನ ಬಾಯಲ್ಲಿ ಇನ್ನೂ ಗಾರ್ಡ್ ಅಂತಲೇ ಬರೋದು.

ಇವರೆಲ್ಲರಿಗೂ ಸಮಾನವಾಗಿ ಮೇಲಿನವರು ಯಾರು ಅಂತ ಹುಡುಕಿದರೆ ನಿನ್ನ ಸ್ಟೇಷನ್ನಿನಲ್ಲಿ ಯಾರೂ ಸಿಗಲ್ಲ. ಪಕ್ಕದ ಜಂಕ್ಷನ್ನಿನಲ್ಲೂ ಸಿಗಲ್ಲ. ಡಿವಿಷನ್ ಆಫೀಸಿನಲ್ಲಿ ಇಡೀ ಡಿವಿಷನ್ನಿಗೆ ಮುಖ್ಯಸ್ಥರಾದ ಡಿಆರ್‌ಎಂ ಕೂತಿರುತ್ತಾರಲ್ಲ, ಅವರೇ ಮೊದಲನೆಯವರು. ಆಡಳಿತ ಮೇಲಿಂದ ಕೆಳಕ್ಕೆ ಕಂಬ ನೆಟ್ಟ ಹಾಗೆ ಇದೆ. ಗಾಡಿ ಮಾತ್ರ ಎಲ್ಲ ಕಂಬಗಳ ನಡುವೆ ಅಡ್ಡಡ್ಡ ಓಡುತ್ತದೆ. ನೀನು ಕೂತಿರುವುದು ಸರಿಯಾಗಿ ಆ ಅಡ್ಡದಾರಿಯಲ್ಲಿ.

ಇದರಿಂದ ಏನಾಗುತ್ತದೆ ಅಂತ ನನ್ನದೇ ಒಂದು ಕತೆ ಹೇಳುತ್ತೇನೆ. ಯಾವ ಸ್ಟೇಷನ್ ಅಂತ ಕೇಳಬೇಡ. ಬೇಸಿಗೆ. ನನ್ನ ಕೌಂಟರಿನ ಫ್ಯಾನ್ ಕೆಟ್ಟಿತ್ತು. ರಿಪೇರಿಗೆ ಎಲೆಕ್ಟ್ರಿಕಲ್‌ನವರು ಬರಬೇಕು, ಅವರಿಗೆ ಮಾಸ್ಟರ್ ಮೆಮೊ ಬರೆಯಬೇಕು. ಆಗಿದ್ದ ಮಾಸ್ಟರು "ಅದು ಕಮರ್ಷಿಯಲ್ ಫ್ಯಾನು, ನಿಮ್ಮ ಇನ್‌ಸ್ಪೆಕ್ಟರ್ ಕೈಲಿ ಬರೆಸಿ" ಅಂದರು. ನಾನೂ ಬಿಡಲಿಲ್ಲ, ನಾಲ್ಕು ಮಾತು ಆಡಿದೆ. ಅವತ್ತಿನಿಂದ ಮಾತು ಬಿಟ್ಟೆವು. ಕಿಟಕಿಯನ್ನೂ ಮುಚ್ಚಿಬಿಟ್ಟೆವು ಅನ್ನು.

ಅದೇ ತಿಂಗಳು ಟಿಕೆಟ್ ದರ ಬದಲಾಯಿತು. ಸುದ್ದಿ ರಾತ್ರಿ ಡಿವಿಷನ್ ಆಫೀಸಿನ ಕಂಟ್ರೋಲ್ ಫೋನಿನಲ್ಲಿ ಬಂತು. ಕಂಟ್ರೋಲ್ ಫೋನ್ ಇರುವುದು ಮಾಸ್ಟರ್ ರೂಮಿನಲ್ಲಿ. ಅವರು ತಮ್ಮ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡರು. ಗೋಡೆ ಆಚೆಗೆ ಒಂದು ಮಾತು ಹೇಳಲಿಲ್ಲ. ನಾನು ಬೆಳಗಿನ ಪ್ಯಾಸೆಂಜರ್‌ಗೆ ಹಳೇ ದರದಲ್ಲೇ ಟಿಕೆಟ್ ಕೊಟ್ಟೆ. ನಾಲ್ಕು ತಿಂಗಳ ಮೇಲೆ ಟಿಐಎ ಬಂದರು. ಅವರು ಅಕೌಂಟ್ಸ್‌ನವರು, ಹೇಳದೆ ಕೇಳದೆ ಬಂದು ಗಲ್ಲಾಪೆಟ್ಟಿಗೆ ಎಣಿಸುವವರು. ಟಿಕೆಟ್ ನಂಬರ್ ಹಿಡಿದು ಲೆಕ್ಕ ಹಾಕಿ 38 ರೂಪಾಯಿ ಕಡಿಮೆ ಅಂತ ನನ್ನ ಹೆಸರಿಗೆ ಡೆಬಿಟ್ ಬರೆದರು. ಕಟ್ಟಿದೆ. ದುಡ್ಡಿಗಲ್ಲ ನಾನು ಅತ್ತಿದ್ದು. ಮಾಸ್ಟರ್ ಪುಸ್ತಕದಲ್ಲಿ ಎಲ್ಲ ಸರಿ ಇತ್ತು. ನಿಯಮದ ಪ್ರಕಾರ ಅವರದು ತಪ್ಪೇ ಇಲ್ಲ!

ಆ ಟಿಐಎ ಮೇಲೆ ಆಗ ಬಹಳ ಕೋಪ ಇತ್ತು, ಈಗಿಲ್ಲ. ಅಕೌಂಟ್ಸ್ ಬೇರೆ ಕಂಬ ಆಗಿರುವುದಕ್ಕೆ ಅರ್ಥ ಇದೆ. ಅದರ ತುದಿ ದೆಹಲಿಯ ರೈಲ್ವೆ ಬೋರ್ಡಿನಲ್ಲಿ ಹಣಕಾಸಿನ ಸದಸ್ಯರವರೆಗೆ ಹೋಗುತ್ತದೆ. ದುಡ್ಡು ಮುಟ್ಟುವ ಕೈಯೂ ಲೆಕ್ಕ ನೋಡುವ ಕಣ್ಣೂ ಒಬ್ಬರದೇ ಆದರೆ ಮುಗಿಯಿತು ಕತೆ. ಸುರಕ್ಷತೆಯಲ್ಲಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಹೊಸ ಲೈನು ಪ್ಯಾಸೆಂಜರ್ ಗಾಡಿಗೆ ಯೋಗ್ಯವೇ ಅಂತ ನೋಡುವ, ದೊಡ್ಡ ಅಪಘಾತವಾದರೆ ತನಿಖೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಸಚಿವಾಲಯದ ಕೆಳಗೇ ಇಲ್ಲ, ವಿಮಾನಯಾನ ಸಚಿವಾಲಯದ ಕೆಳಗೆ ಇದ್ದಾರೆ. ಟ್ರೈನಿಂಗ್‌ನಲ್ಲಿ ಕೇಳಿ ನೀನು "ಇದೆಂಥ ತಮಾಷೆ" ಅಂದಿದ್ದೆ. ತಮಾಷೆ ಅಲ್ಲ. ರೈಲ್ವೆಯವರ ತಪ್ಪು ಹುಡುಕುವವರಿಗೆ ರೈಲ್ವೆಯವರೇ ಸಾಹೇಬರಾದರೆ ಹೇಗೆ?

ಒಡಿಶಾದ ಬಾಹಾನಗಾ ಬಜಾರ್ ರೈಲು ಅಪಘಾತ ನಿನಗೆ ಗೊತ್ತು. 2023ರ ಜೂನ್ 2. 290ಕ್ಕೂ ಹೆಚ್ಚು ಜನ ಹೋದರು. ಸಿಗ್ನಲ್ ಸರ್ಕ್ಯೂಟ್ ಬದಲಿಸುವ ಕೆಲಸದಲ್ಲಿ ಆದ ಲೋಪ ಅಂತ ಆಯುಕ್ತರ ವರದಿ ಹೇಳಿತು. ಅದರಲ್ಲೇ ಇನ್ನೊಂದು ಮಾತೂ ಇತ್ತು. ಪಾಯಿಂಟ್ ಮೊದಲೇ ಮತ್ತೆ ಮತ್ತೆ ಸರಿಯಾಗಿ ನಡೆದುಕೊಳ್ಳದೆ ಇದ್ದದ್ದನ್ನು ಸ್ಟೇಷನ್ನಿನವರು ಸಿಗ್ನಲ್‌ನವರಿಗೆ ತಿಳಿಸಿದ್ದರೆ, ಅವರು ಏನಾದರೂ ಮಾಡಬಹುದಿತ್ತು ಅಂತ. ಅದನ್ನು ಪೇಪರಿನಲ್ಲಿ ಓದಿದ ದಿನ ನನಗೆ ನನ್ನ 38 ರೂಪಾಯಿ ನೆನಪಾಯಿತು. ನಮ್ಮದು ಫ್ಯಾನಿನ ಜಗಳ, ಟಿಕೆಟ್ಟಿನ ಲೆಕ್ಕ. ಹೋಲಿಸಬಾರದು, ಗೊತ್ತು. ಆದರೂ ಗೋಡೆ ಮಾತ್ರ ಅದೇ.

ಹಾಗಾಗಿ ಸಿಗ್ನಲ್‌ನವನು ನಿನ್ನ ಮಾತು ಕೇಳಲ್ಲ ಅಂತ ಕೊರಗಬೇಡ. ಅವನು ರಿಪೇರಿಗೆ ವೈರ್ ಬಿಚ್ಚಬೇಕಾದರೆ ಟಿ-351 ಡಿಸ್‌ಕನೆಕ್ಷನ್ ನೋಟಿಸ್ ಬರೆದು ನಿನ್ನ ಮೇಜಿಗೆ ತರಲೇಬೇಕು. ನೀನು ಗಾಡಿಗಳ ಹೊತ್ತು ನೋಡಿ ಸಹಿ ಮಾಡಿದ ಮೇಲೆಯೇ ಅವನು ಬಿಚ್ಚಬೇಕು. ಮುಗಿದ ಮೇಲೆ ಜೋಡಿಸಿದೆ ಅಂತ ಬರೆದುಕೊಡಬೇಕು, ಅವನ ಜೊತೆ ಸೇರಿ ನೀನು ಪರೀಕ್ಷೆ ಮಾಡಬೇಕು. ಅವನು ನಿನ್ನ ಕೆಳಗಿನವನಲ್ಲ, ಆದರೂ ನಿನ್ನ ಸಹಿ ಇಲ್ಲದೆ ಒಂದು ವೈರ್ ಮುಟ್ಟುವ ಹಾಗಿಲ್ಲ. ಟ್ರ್ಯಾಕ್ ಕೆಲಸ ನಡೆಯುವ ಕಡೆ ನಿಧಾನ ಹೋಗು ಅಂತ ಲೋಕೋ ಪೈಲಟ್‌ಗೆ ಕಾಷನ್ ಆರ್ಡರ್ ಕೊಡೋದೂ ಸ್ಟೇಷನ್ನಿನವರೇ ಅಲ್ವಾ? ನಿನ್ನ ಅಧಿಕಾರ ಇರೋದು ಆ ಹಾಳೆಗಳಲ್ಲಿ, ಕುರ್ಚಿಯಲ್ಲಿ ಅಲ್ಲ. "ಐದೇ ನಿಮಿಷ ಮೇಡಂ, ನೋಟಿಸ್ ಯಾಕೆ" ಅಂತ ಯಾರಾದರೂ ಹಲ್ಲು ಕಿರಿದರೆ ಕರಗಬೇಡ.

ಇನ್ನು ಮೇಲಿನ ಸಂಗತಿ ಸ್ವಲ್ಪ ಬೇಗ ಹೇಳಿಬಿಡುತ್ತೇನೆ. ಡಿವಿಷನ್‌ಗಳು ದೇಶದಲ್ಲಿ ಸುಮಾರು 70. ನಮ್ಮ ನೈಋತ್ಯ ರೈಲ್ವೆಗೆ ಮೂರೇ: ಹುಬ್ಬಳ್ಳಿ, ಬೆಂಗಳೂರು, ಮೈಸೂರು. ಮೂರಕ್ಕೂ ಹುಬ್ಬಳ್ಳಿಯ ರೈಲ್ ಸೌಧದಲ್ಲಿ ಜನರಲ್ ಮ್ಯಾನೇಜರ್. ಈ ವಲಯ ಹುಟ್ಟಿದ್ದು 2003ರ ಏಪ್ರಿಲ್ 1ಕ್ಕೆ. ಅದಕ್ಕೆ ಮೊದಲು ನಾವು ಮೈಸೂರಿನವರು ದಕ್ಷಿಣ ರೈಲ್ವೆ, ನಮ್ಮ ಫೈಲು ಚೆನ್ನೈಗೆ ಹೋಗಬೇಕಿತ್ತು. ಹುಬ್ಬಳ್ಳಿಯವರು ದಕ್ಷಿಣ ಮಧ್ಯ ರೈಲ್ವೆ, ಅವರ ಫೈಲು ಸಿಕಂದರಾಬಾದಿಗೆ. ಅಂದರೆ ಆಗ ನಿನಗೆ ಹುಬ್ಬಳ್ಳಿ ಕಡೆ ಈ ಕೆಲಸ ಸಿಕ್ಕಿದ್ದರೆ ನೀನು ನನಗೆ ಬೇರೆ ರೈಲ್ವೆಯವಳು! ಮಹಾರಾಜರ ಕಾಲದ ಮೈಸೂರು ಸ್ಟೇಟ್ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಕರಗಿದಾಗ ಶುರುವಾದ ಚೆನ್ನೈ ದಾರಿ ಅದು.

ವಲಯದ ಗೆರೆ ರಾಜ್ಯದ ಗೆರೆ ಅಲ್ಲ. ಹೋದ ವರ್ಷ ನಾನೂ ನಿನ್ನಪ್ಪನೂ ಮಂಗಳೂರಿನ ಚಿಕ್ಕಮ್ಮನ ಮನೆಗೆ ಹೋದೆವಲ್ಲ, ಸಕಲೇಶಪುರದ ಘಾಟಿ ಇಳಿದು ಪಡೀಲಿನವರೆಗೆ ಮೈಸೂರು ಡಿವಿಷನ್. ಮಂಗಳೂರು ಜಂಕ್ಷನ್ನಿನಲ್ಲಿ ಕಾಲಿಟ್ಟರೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ಡಿವಿಷನ್. ಅಲ್ಲಿಂದ ಸುರತ್ಕಲ್‌ಗೆ ಹೋದರೆ ಕೊಂಕಣ ರೈಲ್ವೆ. ಅದು ಕೇಂದ್ರದ ಜೊತೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ಸರ್ಕಾರಗಳು ದುಡ್ಡು ಹಾಕಿ 1990ರಲ್ಲಿ ಕಟ್ಟಿದ ಕಂಪನಿ. ಒಂದೇ ಊರಿನ ಸುತ್ತ ಮೂರು ಮನೆ ಯಜಮಾನರು. ನಿನ್ನಪ್ಪ "ನಮ್ಮ ಊಟದ ಬುತ್ತಿ ಯಾರ ವ್ಯಾಪ್ತಿಗೆ ಬರುತ್ತೆ?" ಅಂತ ಕೇಳುತ್ತಲೇ ಇದ್ದರು. ಕಲಬುರಗಿ ನೋಡು, ಅದು ಸೋಲಾಪುರ ಡಿವಿಷನ್, ಮಧ್ಯ ರೈಲ್ವೆ, ದೊಡ್ಡ ಆಫೀಸು ಮುಂಬೈಯಲ್ಲಿ. ನಮಗೇ ಒಂದು ಡಿವಿಷನ್ ಕೊಡಿ ಅಂತ ಅವರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ನ್ಯಾಯವಾದ ಮಾತು ಅಂತ ನನ್ನ ಅಭಿಪ್ರಾಯ.

ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿರುವ ನಿನ್ನ ಸೋದರಮಾವ ನಮ್ಮ ವಲಯವೂ ಅಲ್ಲ, ಯಾವ ವಲಯವೂ ಅಲ್ಲ. ಗಾಲಿ, ಬೋಗಿ, ಎಂಜಿನ್ ಮಾಡುವ ಕಾರ್ಖಾನೆಗಳು ನೇರ ದೆಹಲಿಯ ಬೋರ್ಡಿಗೆ ಉತ್ತರ ಕೊಡುತ್ತವೆ. ಮದುವೆ ಮನೆಯಲ್ಲಿ ಅವನ ಜಂಬ ಅದಕ್ಕೇ. ಆ್ಯಪ್‌ನಲ್ಲಿ ಟಿಕೆಟ್ ಮಾರುವ ಐಆರ್‌ಸಿಟಿಸಿ ಇನ್ನೊಂದು ಬೇರೆಯೇ ಕಂಪನಿ, ಆದರೆ ಆ್ಯಪ್ ತೆರೆಯದಿದ್ದರೆ ಬೈಗುಳ ಬೀಳುತ್ತಿದ್ದುದು ನನ್ನ ಕೌಂಟರಿಗೆ. ಯಾರದಾದರೂ ಬ್ಯಾಗ್ ಕಳುವಾದರೆ ರೈಲ್ವೆಯದೇ ರಕ್ಷಣಾ ಪಡೆ ಆರ್‌ಪಿಎಫ್ ಇದ್ದಾರೆ, ಆದರೆ ಕೇಸು ದಾಖಲಿಸಿ ತನಿಖೆ ಮಾಡೋದು ರಾಜ್ಯ ಸರ್ಕಾರದ ರೈಲ್ವೆ ಪೊಲೀಸರು. ಅಳುತ್ತಾ ಬಂದವರನ್ನು ಅಲ್ಲಿಂದಿಲ್ಲಿಗೆ ಓಡಿಸಬೇಡ, ಸರಿಯಾದ ಬಾಗಿಲು ತೋರಿಸು.

ಇನ್ನು ದೆಹಲಿ. ರೈಲ್ವೆ ಬೋರ್ಡ್ 1905ರದು. ಈ ಕಂಬಗಳ ಜಗಳ ಮೇಲೂ ಹಾಗೇ ಇತ್ತು. ಒಂದೊಂದು ಇಲಾಖೆಗೆ ಒಬ್ಬೊಬ್ಬ ಸದಸ್ಯರು, ಒಬ್ಬೊಬ್ಬರಿಗೂ ತಮ್ಮವರ ಪರ. ಸಮಿತಿ ಮೇಲೆ ಸಮಿತಿ ಇದನ್ನು ಒಡೆಯಿರಿ ಅಂತ ಬರೆದವು. ಕೊನೆಗೆ 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ತೀರ್ಮಾನ ಮಾಡಿತು. ಅಧಿಕಾರಿಗಳ ಎಂಟು ಸೇವೆಗಳನ್ನು ಸೇರಿಸಿ ಒಂದೇ ಸೇವೆ. ಬೋರ್ಡಿನಲ್ಲಿ ಅಧ್ಯಕ್ಷರೇ ಸಿಇಒ, ಅವರ ಜೊತೆ ನಾಲ್ಕು ಸದಸ್ಯರು. 2023ರಲ್ಲಿ ಜಯಾ ವರ್ಮಾ ಸಿನ್ಹಾ ಆ ಕುರ್ಚಿಗೆ ಬಂದ ಮೊದಲ ಹೆಂಗಸಾದರು. ಅವರು ನಮ್ಮ ಟ್ರಾಫಿಕ್ ಮನೆತನದವರು ಅಂತ ಗೊತ್ತಾದಾಗ ನಾನು ಬೀದಿಗೆಲ್ಲ ಹೇಳಿಕೊಂಡು ಬಂದೆ. ಎಂಟನ್ನು ಒಂದು ಮಾಡಿದ್ದು ಪೂರ್ತಿ ಕೂಡಿಬರಲಿಲ್ಲ. 2024ರಲ್ಲಿ ಎಂಜಿನಿಯರ್‌ಗಳನ್ನು ಮತ್ತೆ ಅವರ ಪರೀಕ್ಷೆಯಿಂದಲೇ ತೆಗೆದುಕೊಳ್ಳುವ ತೀರ್ಮಾನ ಆಯಿತು. ನನಗೇನೂ ಆಶ್ಚರ್ಯ ಆಗಲಿಲ್ಲ. ಹಳಿ ಬೆಸೆಯುವವನಿಗೆ ದರಪಟ್ಟಿ ಗೊತ್ತಿರಬೇಕಿಲ್ಲ, ನನಗೆ ಹಳಿ ಕೆಳಗಿನ ಸ್ಲೀಪರ್ ಲೆಕ್ಕ ಬೇಕಿಲ್ಲ. ಕಂಬಗಳು ಬೇಕು ಕಣೇ. ಗೋಡೆಯಲ್ಲಿ ಕಿಟಕಿ ಇದ್ದರೆ ಸಾಕು.

ಆ ಮಾಸ್ಟರ್‌ಗೆ ವರ್ಗವಾದಾಗ ನಾನೇ ಹೋಗಿ ಮಾತಾಡಿಸಿದೆ. ಅವರು ಮುಜುಗರದಿಂದ ಎರಡು ಬಾಳೆಹಣ್ಣು ಕೊಟ್ಟರು. ಹೊಸದಾಗಿ ಬಂದವರು ಮೊದಲ ದಿನವೇ ಕಿಟಕಿ ತಟ್ಟಿ, "ಅಮ್ಮಾ, ಪ್ಯಾಸೆಂಜರ್ 40 ನಿಮಿಷ ಲೇಟು, ಜನಕ್ಕೆ ಹೇಳಿಬಿಡಿ" ಅಂದರು. ಅವರ ಕೈಕೆಳಗೆ ನಾನು ಆರು ವರ್ಷ ಇದ್ದೆ. ಕೈಕೆಳಗೆ ಅಂತ ಯಾವ ಕಾಗದದಲ್ಲೂ ಇರಲಿಲ್ಲ.

ನಿನ್ನ ಬುಕಿಂಗ್‌ನವಳು ಯಾವ ಊರಿನವಳು, ಮಕ್ಕಳೆಷ್ಟು, ಊಟ ಎಲ್ಲಿ ಮಾಡುತ್ತಾಳೆ? ಮೊನ್ನೆ ಕೇಳಿದ್ದಕ್ಕೆ "ಗೊತ್ತಿಲ್ಲ" ಅಂದೆ. ಅವಳ ಕೌಂಟರಿನ ಫ್ಯಾನ್ ತಿರುಗುತ್ತಾ ಅಂತಲಾದರೂ ನೋಡು. ತಿರುಗದಿದ್ದರೆ ಎಲೆಕ್ಟ್ರಿಕಲ್‌ಗೆ ನಾಳೆಯೇ ಮೆಮೊ ಬರಿ, ಯಾರ ಫ್ಯಾನು ಅಂತ ಕೇಳಬೇಡ.

ಮುಂದಿನ ವಾರ ನಿನ್ನಪ್ಪ ಬರುವಾಗ ಕೊಬ್ಬರಿ ಚಟ್ನಿಪುಡಿ ಎರಡು ಡಬ್ಬ ಕಳಿಸುತ್ತೇನೆ. ಸಣ್ಣದು ನಿನಗೆ.

ಇಂತಿ,
ನಿನ್ನ ಅಮ್ಮ